ಹನ್ನೊಂದು ಲಾಭದ ರಾಶಿ

ಗುರುಸಿದ್ದಯ್ಯನವರನ್ನು ನಾನು ಮೊದಲು ಕಂಡದ್ದು ಎಪ್ಪತ್ತೊಂದನೇ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಗುಬ್ಬಿಯ ಮೂಡಲಗಿರಿಯಪ್ಪ ಸಾಹುಕಾರರ ರಾಗಿ ಮಂಡಿಯ ಅಂಗಳದಲ್ಲಿ. ನನ್ನ ಯಜಮಾನರು ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಂಗಳ ಗುಡಿಸುವ ಕೆಲಸಕ್ಕೆ ಅವತ್ತೇ ಸೇರಿದ್ದೆ. ಆ ಕೆಲಸಕ್ಕೆ ಸಂಬಳ ಅಂತ ಇರಲಿಲ್ಲ. ಅಳತೆ ಮುಗಿದ ಮೇಲೆ ರಾಶಿಯ ಬುಡದಲ್ಲಿ ಉಳಿಯುವ ಕಾಳು ಗುಡಿಸುವವಳದು. ಅದನ್ನು ಬುಡಗಾಳು ಎನ್ನುತ್ತಿದ್ದರು. ಮಣ್ಣು ಸೇರಿದ ಕಾಳು. ಕೇರಿ ಹಸನು ಮಾಡಿಕೊಂಡರೆ ಒಬ್ಬಳ ಹೊಟ್ಟೆಗೆ ಮೋಸವಿಲ್ಲ.

ಗುರುಸಿದ್ದಯ್ಯನವರು ಆ ಮಂಡಿಯ ಅಳತೆಗಾರರು. ತಕ್ಕಡಿ ಬಂದು ಎಷ್ಟೋ ವರ್ಷವಾಗಿದ್ದರೂ ಹಳ್ಳಿಯ ರೈತರಿಗೆ ತಕ್ಕಡಿಯ ಮುಳ್ಳಿಗಿಂತ ಅವರ ಕೊಳಗದ ಮೇಲೆ ನಂಬಿಕೆ ಹೆಚ್ಚು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಬಿಗಿದ ಟವೆಲು, ರಾಶಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಕೊಳಗ ತುಂಬಿ, ಅಂಗೈಯಿಂದ ಬಾಯಿ ಮಟ್ಟ ಮಾಡಿ, ಚೀಲಕ್ಕೆ ಸುರಿಯುತ್ತಿದ್ದರು. ಸುರಿಯುವಾಗ ರಾಗವಾಗಿ ಕೂಗುವುದು. ಮೊದಲನೆಯದಕ್ಕೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. "ಲಾಭಾ... ಎರಡೂ... ಮೂರೂ..." ಎಂದು ಅವರು ಕೂಗುತ್ತಿದ್ದರೆ ಗಾಡಿಯ ಎತ್ತುಗಳೂ ಮೇವು ಬಿಟ್ಟು ತಲೆ ಎತ್ತುತ್ತಿದ್ದವು.

ಅವತ್ತು ಒಂದು ರಾಶಿ ಅಳೆದು ಎದ್ದರು. ನಾನು ಬುಡಗಾಳು ಬಳಿದೆ. ಜಾಸ್ತಿ ಅನ್ನಿಸಿತು. ಕೇರಿ, ಮಣ್ಣು ತೆಗೆದು, ಅವರದೇ ಕೊಳಗಕ್ಕೆ ಹಾಕಿ ನೋಡಿದೆ. ಬಾಯಿ ಮಟ್ಟಕ್ಕೆ ಸರಿಯಾಗಿ ಬಂತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಹೊಸಬಳು, ಹೆದರಿಕೆ ಇತ್ತು. ಆದರೂ ಹೊತ್ತುಕೊಂಡು ಹೋಗಿ ಅವರ ಮುಂದೆ ಇಟ್ಟೆ.

"ಅಯ್ಯೋರೆ, ಇದು ಬುಡಗಾಳಲ್ಲ. ಒಂದು ಕೊಳಗ ಐತೆ."

"ಐತೆ. ಅದಕ್ಕೇನೀಗ?"

"ರೈತನ ಲೆಕ್ಕದಾಗೆ ಒಂದು ಕೊಳಗ ಕಮ್ಮಿ ಬಿತ್ತಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂಡಲಗಿರಿಯಪ್ಪನವರು ಗಾದಿಯ ಮೇಲಿಂದಲೇ, "ನೋಡಿ ಅಯ್ಯೋರೆ, ಕೊಟ್ಟಿದ್ದು ಜಾಸ್ತಿ ಆಯ್ತು ಅಂತ ಜಗಳಕ್ಕೆ ಬಂದವ್ಳೆ. ಇಂಥವಳು ಎಲ್ಲಿಂದ ಬಂದು ಸೇರ್ಕೊಂಡ್ಳು?" ಎಂದು ನಕ್ಕರು.

ಅಯ್ಯನವರು ನಗಲಿಲ್ಲ. "ಕೇಳವ್ವಾ. ನಮ್ಮಪ್ಪನ ಕಾಲದಿಂದ ನಡಕೊಂಡು ಬಂದಿರೋದು ಇದು. ಬುಡದಾಗೆ ಉಳಿದಿದ್ದು ಕೊಳಗ ಮೀರಿದ್ರೆ ರೈತಂದು, ಅಳೀಬೇಕು. ಮೀರ್ದಿದ್ರೆ ಗುಡಿಸೋಳ್ದು, ಕೈ ಮುಟ್ಟಿಸಬಾರದು. ಇದು ಮೀರೈತಾ?"

"ಇಲ್ಲ. ಸರಿಯಾಗಿ ಅಷ್ಟೇ ಐತೆ."

"ಹಂಗಾದ್ರೆ ನಿಂದೇ. ತಗಂಡೋಗು. ನಿನ್ನ ಹೆಸರೇನು?"

"ತಿಪ್ಪಮ್ಮ."

"ತಿಪ್ಪವ್ವ, ಕೊಟ್ಟಿದ್ದನ್ನ ಅಳೆದು ನೋಡ್ದೋಳು ಈ ಅಂಗಳದಾಗೆ ನೀನೇ ಮೊದಲು."

ನಮ್ಮ ಪರಿಚಯ ಆದದ್ದು ಹೀಗೆ.

ಸೋಮವಾರ ರೈತರು ಎತ್ತು ಹೂಡುವುದಿಲ್ಲ. ಗಾಡಿ ಬರುವುದಿಲ್ಲ, ಅಂಗಳ ಬರಿದು. ಅಯ್ಯನವರು ಅವತ್ತು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ತುಟಿ ಆಡುತ್ತಿರುತ್ತಿತ್ತು. ಜಪ ಮಾಡುತ್ತಾರೆ ಅಂತ ನಾನು ದೂರದಲ್ಲೇ ಮೊರ ಹಿಡಿದು ಕೂರುತ್ತಿದ್ದೆ. ಒಂದು ಸೋಮವಾರ ಕೇಳಿಯೇಬಿಟ್ಟೆ.

"ಯಾವ ಮಂತ್ರ ಅಯ್ಯೋರೆ?"

"ಮಂತ್ರ ಅಲ್ಲ ಕಣವ್ವ. ರಾಶಿ ಅಳೀತಾ ಇದೀನಿ."

ಅಂಗಳದಲ್ಲಿ ರಾಶಿ ಇರಲಿಲ್ಲ. ನಾನು ಸುತ್ತ ನೋಡಿದ್ದನ್ನು ಕಂಡು, ಇದ್ದಿಲಿನ ಚೂರು ತರಿಸಿ ಕಲ್ಲುಹಾಸಿನ ಮೇಲೆ ಬರೆದು ತೋರಿಸಿದರು. ನನಗೆ ಅಕ್ಷರ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಗೊತ್ತಿತ್ತು. ಒಂದರ ಪಕ್ಕ ಒಂದು ಬರೆದರೆ ಹನ್ನೊಂದು. ಅದು ಎರಡು ಲಾಭದ ರಾಶಿ. ಮೂರು ಸಲ ಬರೆದರೆ ನೂರ ಹನ್ನೊಂದು. ಮೂರು ಲಾಭದ ರಾಶಿ. ಹೀಗೆ ಬೆಳೆಸುತ್ತಾ ಹೋಗುವುದು. ಅವರ ಪ್ರಶ್ನೆ ಇಷ್ಟೆ: ಅಷ್ಟು ಕಾಳಿನ ರಾಶಿ ಇದ್ದರೆ, ಎಷ್ಟು ಕಾಳು ಹಿಡಿಯುವ ಕೊಳಗದಲ್ಲಿ ಅಳೆದರೆ ಕೊನೆಗೆ ಏನೂ ಉಳಿಯದಂತೆ ಸರಿಹೋಗುತ್ತದೆ? ಒಂದೊಂದೇ ಕಾಳಾಗಿ ಎಣಿಸುವುದು ಅಳತೆಯಲ್ಲ. ಇಡೀ ರಾಶಿಯನ್ನೇ ಒಂದು ಕೊಳಗ ಅನ್ನುವುದೂ ಅಳತೆಯಲ್ಲ. ನಡುವೆ ಒಂದು ಸಿಗಬೇಕು.

"ಎರಡು ಲಾಭದ ರಾಶಿಗೆ ಯಾವ ಕೊಳಗನೂ ಕೂಡಲ್ಲ. ಹನ್ನೊಂದು ಒಂಟಿ. ಮೂರು ಲಾಭದ್ದಕ್ಕೆ ಮೂವತ್ತೇಳರ ಕೊಳಗ ಕೂಡ್ತದೆ, ಮೂರು ಸಲ ಅಳೆದ್ರೆ ಮುಗೀತು. ಐದು ಲಾಭದ್ದಕ್ಕೆ ನಲವತ್ತೊಂದು, ಇನ್ನೂರ ಎಪ್ಪತ್ತೊಂದು. ಏಳು ಲಾಭದ್ದಕ್ಕೆ ಇನ್ನೂರ ಮೂವತ್ತೊಂಬತ್ತು, ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಇವೆಲ್ಲ ನಮ್ಮಪ್ಪನ ಬಾಯಿಂದ ಬಂದಿದ್ದು. ಅವರೂ ಅಳತೆಗಾರರೇ. ಹತ್ತು ಲಾಭದವರೆಗೆ ಅವರಿಗೆ ದಕ್ತು. ಹನ್ನೊಂದು ದಕ್ಕಲಿಲ್ಲ. ಹೋಗೋವಾಗ ನನಗೆ ಬಿಟ್ಟು ಹೋದ್ರು."

ಹನ್ನೊಂದು ಸಲ ಒಂದು ಬರೆದರೆ ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ಅಷ್ಟು ಕಾಳನ್ನು ನಾನು ಕಣ್ಣಲ್ಲಿ ಕಂಡವಳಲ್ಲ. ಆದರೆ ಆ ರಾಶಿಯನ್ನು ಅಳೆಯುವ ಉಪಾಯ ಕೇಳಿದಾಗ ನನಗೆ ಖುಷಿಯಾಯಿತು. ಇಡೀ ರಾಶಿಯನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಒಂದು ಲಾಭದಿಂದ ಹಿಡಿ. ಅದನ್ನು ಹತ್ತರಷ್ಟು ಮಾಡು, ಮೇಲೆ ಒಂದು ಲಾಭ ಹಾಕು. ಕೊಳಗ ಮೀರಿದರೆ ಅಳೆದು ತೆಗೆ. ಉಳಿದದ್ದನ್ನು ಮತ್ತೆ ಹತ್ತರಷ್ಟು ಮಾಡು, ಮತ್ತೆ ಒಂದು ಲಾಭ ಹಾಕು. ಹೀಗೆ ಹನ್ನೊಂದನೇ ಲಾಭ ಬಿದ್ದಾಗ ಏನು ಉಳಿಯಿತು ಅಂತ ನೋಡು. ಎಲ್ಲ ಅಂಕಿಯೂ ಒಂದೇ ಆದ್ದರಿಂದ ಯಾವ ಅಂಕಿ ಎಲ್ಲಿ ಅಂತ ನೆನಪಿಡುವ ಗೋಜಿಲ್ಲ.

ಎಲ್ಲ ಕೊಳಗವನ್ನೂ ಹಾಕಿ ನೋಡಬೇಕಾಗಿಯೂ ಇರಲಿಲ್ಲ. ಐದು ಲಾಭದ ಕೊಳಗಗಳನ್ನು ಹತ್ತರಿಂದ ಅಳೆದರೆ ಒಂದು ಉಳಿಯುತ್ತದೆ. ಏಳು ಲಾಭದವನ್ನು ಹದಿನಾಲ್ಕರಿಂದ ಅಳೆದರೆ ಒಂದು ಉಳಿಯುತ್ತದೆ. ಹಾಗಾದರೆ ಹನ್ನೊಂದು ಲಾಭದ ಕೊಳಗ, ಇದ್ದದ್ದೇ ಆದರೆ, ಇಪ್ಪತ್ತೆರಡರಿಂದ ಅಳೆದಾಗ ಒಂದು ಉಳಿಯುವಂಥದ್ದೇ ಆಗಿರಬೇಕು ಎಂದು ಅವರ ಅಂದಾಜು. ಇಪ್ಪತ್ತಮೂರರಿಂದ ಶುರು, ಇಪ್ಪತ್ತೆರಡಿಪ್ಪತ್ತೆರಡೇ ಮೇಲಕ್ಕೆ ಹತ್ತುವುದು. ಲಕ್ಷದ ಐದೂವರೆ ಸಾವಿರ ಮುಟ್ಟಿದರೆ ಸಾಕು. ಅದಕ್ಕಿಂತ ದೊಡ್ಡ ಕೊಳಗ ಕೂಡುವುದಾದರೆ ಎಷ್ಟು ಸಲ ಅಳೆದೆವು ಅನ್ನುವ ಸಂಖ್ಯೆ ಅದಕ್ಕಿಂತ ಚಿಕ್ಕದಾಗುತ್ತದೆ. ಆ ಚಿಕ್ಕದೇ ಒಂದು ಕೊಳಗವಾಗಿ ಮೊದಲೇ ಸಿಕ್ಕಿರಬೇಕು.

ಎಪ್ಪತ್ತನಾಲ್ಕನೇ ಇಸವಿಯ ದೀಪಾವಳಿಗೆ ಅವರು ಆ ಎಲ್ಲೆ ಮುಟ್ಟಿದರು. ಗಾದಿಯ ಮುಂದೆ ನಿಂತು, "ಹನ್ನೊಂದು ಲಾಭದ ರಾಶಿ ಒಂಟಿ. ಯಾವ ಕೊಳಗಕ್ಕೂ ಸಿಗಲ್ಲ" ಅಂದರು. ಮೂಡಲಗಿರಿಯಪ್ಪನವರಿಗೆ ಲೆಕ್ಕ ಅರ್ಥವಾಗದಿದ್ದರೂ ಆ ಮಾತು ಬಹಳ ಹಿಡಿಸಿತು.

"ಯಾರ ಅಳತೆಗೂ ಸಿಗದ ಲಾಭ! ಅದೂ ಹನ್ನೊಂದು, ಶಿವನ ಲೆಕ್ಕ! ಗೋಡೆ ಮೇಲೆ ಬರೆಸ್ರಪ್ಪ!"

ಗೋಣಿಚೀಲದ ಮೇಲೆ ಗುರುತು ಹಾಕುವ ರಹಮತ್ ಉಲ್ಲಾ ಸಾಬರನ್ನು ಕರೆಸಿ ಗಾದಿಯ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು: ೧೧೧೧೧೧೧೧೧೧೧. ಸಾಬರು ಏಣಿ ಇಳಿದು, "ಸ್ವಾಮ್ಯೋರೆ, ಇಷ್ಟು ವರ್ಷ ಯೋಚ್ನೆ ಮಾಡಿ ಒಂದೇ ಒಂದು ಅಂಕಿ ಕಲ್ತಿರಲ್ಲ! ಎರಡು ಕಲಿಯಕ್ಕೆ ಇನ್ನೊಂದು ಜನ್ಮ ಬೇಕೇನೋ" ಎಂದು ರೇಗಿಸಿದರು. ಅಂಗಳವೆಲ್ಲ ನಕ್ಕಿತು. ಅಯ್ಯನವರೂ ನಕ್ಕರು. ಅವರ ಬೆನ್ನು ಅವತ್ತು ಎಷ್ಟು ನೆಟ್ಟಗಿತ್ತು ಅಂದರೆ, ಅವರಪ್ಪನ ಸಾಲ ತೀರಿತು ಅನ್ನುವ ಹಾಗಿತ್ತು.

ಆಮೇಲೆ ಸಾಹುಕಾರರು ಮಂಡಿಯನ್ನು ತುಮಕೂರಿಗೆ, ಶಿರಾ ಗೇಟ್ ಹತ್ತಿರಕ್ಕೆ ಎತ್ತಿದರು. ಅಲ್ಲಿ ಎಲ್ಲ ತಕ್ಕಡಿಯೇ. ಕೊಳಗ ಮೂಲೆಗೆ ಸೇರಿತು. ಆದರೂ ಅಯ್ಯನವರನ್ನು ಬಿಡಲಿಲ್ಲ. ಬರುವ ಚೀಲ, ಹೋಗುವ ಚೀಲ ನೋಡಿಕೊಂಡು ಬಾಗಿಲಲ್ಲಿ ಕೂತಿರಿ ಅಂದರು. ನನಗೆ ಚೀಲ ಹೊಲಿಯುವ ಕೆಲಸ ಕೊಟ್ಟರು. ಹೊಸ ಗೋಡೆಯ ಮೇಲೂ ಸಾಬರು ಹನ್ನೊಂದು ಒಂದು ಬರೆದರು. ಅಷ್ಟರಲ್ಲಿ ಅಯ್ಯನವರ ಎರಡೂ ಕಣ್ಣಿಗೆ ಪೊರೆ ಬಂದು, ಗೋಡೆ ಕೆಂಪಗಿದೆ ಅನ್ನುವುದಷ್ಟೇ ಅವರಿಗೆ ಕಾಣುತ್ತಿತ್ತು.

ಎಂಬತ್ತನೇ ಇಸವಿಯ ಯುಗಾದಿಗೆ ಸಾಹುಕಾರರು ಹೊಸದೊಂದು ಯೋಚನೆ ತೆಗೆದರು. ಮಂಡಿಯಿಂದ ಹೊರಡುವ ಪ್ರತಿ ಚೀಲದ ಮೇಲೂ ಹನ್ನೊಂದು ಒಂದು, ಅದರ ಕೆಳಗೆ 'ಅಳತೆಗೆ ಸಿಗದ ರಾಶಿ' ಅಂತ ಮಾರ್ಕು. ದೀಪಾವಳಿಯ ಪೂಜೆಯಿಂದ ಶುರು.

ಅಯ್ಯನವರು ಬಾಗಿಲಲ್ಲಿ ಕೂತವರು ಎದ್ದು ಬಂದರು.

"ಸಾವ್ಕಾರ್ರೆ, ಗೋಡೆ ನಿಮ್ದು, ಏನಾದ್ರೂ ಬರೆಸ್ಕೊಳ್ಳಿ. ಚೀಲ ಊರೂರಿಗೆ ಹೋಗ್ತದೆ. ನನ್ನ ಮಾತು ಚೀಲದ ಮೇಲೆ ಹೋಗೋದಾದ್ರೆ ಮರು ಅಳತೆ ಆಗಬೇಕು."

"ಅಯ್ಯೋ, ಅಳೆದಿದ್ದು ನೀವೇ ಅಲ್ವಾ?"

"ಅದಕ್ಕೇ. ಅಳೆದೋನೇ ಮರು ಅಳತೆ ಮಾಡಂಗಿಲ್ಲ. ಇನ್ನೊಬ್ಬರು ಮಾಡ್ಬೇಕು, ಅಳೆದೋನು ಪಕ್ಕದಾಗೆ ಕೂತಿರ್ಬೇಕು. ಇಬ್ಬರ ಬಾಯಾಗೂ ಒಂದೇ ಮಾತು ಬಂದ್ರೇನೇ ಅಳತೆ."

"ಯಾರು ಮಾಡ್ತಾರೆ ಇದನ್ನ? ಕಾಲೇಜಿಗೆ ಹೋಗಿ ಕೇಳೋಣವಾ?"

"ತಿಪ್ಪವ್ವ ಮಾಡ್ತಾಳೆ."

ಚೀಲ ಹೊಲಿಯುತ್ತಿದ್ದ ದಬ್ಬಳ ನನ್ನ ಕೈಯಲ್ಲೇ ನಿಂತಿತು. "ಅಯ್ಯೋರೆ, ನಂಗೆ ಮಗ್ಗಿನೂ ಸರಿಯಾಗಿ ಬರಲ್ಲ" ಅಂದೆ.

"ಮಗ್ಗಿ ನನಗೆ ಬರ್ತದೆ. ನೀನು ಕಾಳು ತೆಗೆದು ಕಾಳು ಇಡು. ಕೊಟ್ಟಿದ್ದನ್ನ ಅಳೆದು ನೋಡೋ ಬುದ್ಧಿ ಐತಲ್ಲ, ಅಷ್ಟು ಸಾಕು."

ಮಧ್ಯಾಹ್ನ ಊಟವಾದ ಮೇಲೆ, ಲಾರಿ ಬರುವ ತನಕ, ದಿನಾ ನಮ್ಮದು ಇದೇ ಕೆಲಸವಾಯಿತು. ಕಲ್ಲುಹಾಸಿನ ಮೇಲೆ ಇದ್ದಿಲಿನಲ್ಲಿ ಎರಡು ಸಾಲು ಮನೆ ಬರೆದುಕೊಂಡೆ. ಮೇಲಿನ ಸಾಲಿನಲ್ಲಿ ಕೊಳಗ, ಕೆಳಗಿನ ಸಾಲಿನಲ್ಲಿ ರಾಶಿ. ಬಿಡಿ, ಹತ್ತು, ನೂರು, ಸಾವಿರ, ಒಂದೊಂದಕ್ಕೆ ಒಂದೊಂದು ಮನೆ; ಮನೆಯಲ್ಲಿ ಅಷ್ಟಷ್ಟು ಹುಣಸೆ ಬೀಜ. ಹತ್ತರಷ್ಟು ಮಾಡಬೇಕಾದರೆ ಎಲ್ಲ ಬೀಜವನ್ನೂ ಒಂದು ಮನೆ ಎಡಕ್ಕೆ ಸರಿಸಿದರಾಯಿತು. ಖಾಲಿಯಾದ ಕೊನೆಯ ಮನೆಗೆ ಲಾಭದ ಬೀಜ ಒಂದು. ಅಳೆಯುವುದೆಂದರೆ ಮೇಲಿನ ಸಾಲನ್ನು ನೋಡಿಕೊಂಡು ಕೆಳಗಿನ ಸಾಲಿಂದ ಅಷ್ಟಷ್ಟು ತೆಗೆಯುವುದು. ಸಾಲದಿದ್ದರೆ ಎಡಮನೆಯಿಂದ ಒಂದು ಬೀಜ ತೆಗೆದು ಬಲಮನೆಗೆ ಹತ್ತು ಹಾಕುವುದು. ನಾನು ನಿಧಾನ. ಅಯ್ಯನವರು ತಲೆಯಲ್ಲೇ ಮುಗಿಸಿ, ನಾನು ಅಲ್ಲಿಗೆ ಬರುವ ತನಕ ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಇಬ್ಬರದೂ ಒಂದೇ ಆದರೆ ಮುಂದಿನ ಕೊಳಗ. ಚಿಕ್ಕ ಕೊಳಗ ಸೋತಿದ್ದರೆ ಅದರ ಎರಡರಷ್ಟು, ಮೂರರಷ್ಟು ದೊಡ್ಡದೂ ಸೋತಂತೆಯೇ, ಅಂಥವನ್ನು ಬಿಡುತ್ತಿದ್ದೆವು.

ಹಮಾಲರು ಹಾದುಹೋಗುವಾಗ ಸುಮ್ಮನಿರುತ್ತಿದ್ದರೆ?

"ಏನ್ ತಿಪ್ಪಕ್ಕ, ಅಳಗುಳಿ ಮಣೆನಾ? ಯಾರು ಗೆದ್ರು?"

"ಇನ್ನೂ ಯಾರೂ ಗೆದ್ದಿಲ್ಲ ಬುಡಪ್ಪ. ನೀನು ಚೀಲ ಎತ್ತು" ಅನ್ನುತ್ತಿದ್ದೆ.

ಸಾಬರು ದಿನಕ್ಕೊಮ್ಮೆ ಇಣುಕಿ, "ತಿಪ್ಪಮ್ಮ, ಬೇಗ ಬೇಗ ಸೋಲಿಸಮ್ಮ ಈ ಕೊಳಗಗಳನ್ನ. ನನ್ನ ತಗಡು ಕಾಯ್ತಾ ಐತೆ" ಅನ್ನುವರು. ಚೀಲದ ಮೇಲೆ ಬಣ್ಣ ಒತ್ತಲು ಅಕ್ಷರ ಕೊರೆದ ತಗಡು ಬೇಕು. ಮಹಾನವಮಿ ಹೊತ್ತಿಗೆ ಅವರು ಹನ್ನೊಂದು ಒಂದನ್ನೂ 'ಅಳತೆಗೆ ಸಿಗದ ರಾಶಿ'ಯನ್ನೂ ಕೊರೆದು ತಂದು ಗಾದಿಯ ಪಕ್ಕ ಒರಗಿಸಿಯೂ ಆಗಿತ್ತು.

ಮಹಾನವಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರ ಸರದಿ ಬಂತು. ಬೇರೆ ಕೊಳಗಗಳ ಹಾಗೇ ಅದನ್ನೂ ಮೇಲಿನ ಸಾಲಿನಲ್ಲಿ ಹರಡಿದೆ. ಎರಡು, ಒಂದು, ಆರು, ನಾಲ್ಕು, ಒಂಬತ್ತು ಬೀಜ. ಮೊದಲ ಐದು ಲಾಭಕ್ಕೆ ರಾಶಿ ಕೊಳಗದಷ್ಟೂ ಆಗಲಿಲ್ಲ. ಆರನೆಯದಕ್ಕೆ ಐದು ಸಲ ಅಳೆದೆ. ಏಳನೆಯದಕ್ಕೆ ಒಂದು ಸಲ, ಎಂಟನೆಯದಕ್ಕೆ ಮೂರು, ಒಂಬತ್ತನೆಯದಕ್ಕೆ ಎರಡು, ಹತ್ತನೆಯದಕ್ಕೆ ಮೂರು. ಹತ್ತೊಂಬತ್ತು ಸಾವಿರದ ನಾನೂರ ಎಂಬತ್ತನಾಲ್ಕು ಉಳಿಯಿತು. ಇಬ್ಬರದೂ ಒಂದೇ. ಬೀಜ ಎಡಕ್ಕೆ ಸರಿಸಿ ಹನ್ನೊಂದನೇ ಲಾಭ ಹಾಕಿದೆ: ಒಂದು ಲಕ್ಷದ ತೊಂಬತ್ತನಾಲ್ಕು ಸಾವಿರದ ಎಂಟುನೂರ ನಲವತ್ತೊಂದು. ಅಳೆಯಲು ಹಿಡಿದೆ. ಲಾಭ, ಎರಡು, ಮೂರು...

ನಾನು ಎಂಟು ಅನ್ನುವಷ್ಟರಲ್ಲಿ ಅಯ್ಯನವರು, "ಎಂಟು ಅಳೆದೆ, ಉಳೀತು. ಬಿಡು, ಇದೂ ಅಲ್ಲ. ಮುಂದಿಂದು ಹಾಕು" ಅಂದರು.

ನಾನು ಬೀಜ ಎತ್ತಲಿಲ್ಲ.

"ಏನವ್ವಾ?"

"ಎಂಟು ಸರಿ ಅಯ್ಯೋರೆ. ಉಳಿದಿದ್ದೂ ಸರಿ."

"ಮತ್ತೇನು?"

"ಎಷ್ಟು ಉಳೀತು ಅಂತ ನೋಡಿದ್ರಾ?"

"ಕೊಳಗ ಮೀರಿಲ್ಲ. ಉಳಿದೈತೆ. ಸಾಕಲ್ಲ?"

ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಮತ್ತೊಮ್ಮೆ ಮನೆಮನೆಯಾಗಿ ನೋಡಿದೆ. ಆಮೇಲೆ ಅವರ ಕೈ ಹಿಡಿದು ಬೀಜದ ಮೇಲೆ ಇಟ್ಟೆ. ಅವರ ಬೆರಳು ಮೇಲಿನ ಮನೆಯನ್ನು ಮುಟ್ಟಿ ಕೆಳಗಿನ ಮನೆಗೆ ಇಳಿಯಿತು. ಎರಡು, ಎರಡು. ಒಂದು, ಒಂದು. ಆರು, ಆರು. ನಾಲ್ಕರಲ್ಲಿ ಬೆರಳು ತಡೆಯಿತು, ಇನ್ನೊಮ್ಮೆ ಎಣಿಸಿತು. ನಾಲ್ಕು. ಕೊನೆಯ ಮನೆ. ಒಂಬತ್ತು, ಒಂಬತ್ತು.

"ಗುಬ್ಬಿಲಿ ಮೊದಲನೇ ದಿನ ನಂಗೆ ಕೊಟ್ರಲ್ಲ, ಅದೇ ಇದು" ಅಂದೆ. "ಸರಿಯಾಗಿ ಒಂದು ಕೊಳಗ."

ಅವರ ಬೆರಳು ಕೊನೆಯ ಮನೆಯಿಂದ ಮತ್ತೆ ಮೊದಲ ಮನೆಗೆ ಹೋಯಿತು. ನನಗೂ ಆಗ ತಿಳಿಯಿತು. ಕೊಳಗ ಮೀರದಿದ್ದರೆ ಕೈ ಮುಟ್ಟಿಸಬಾರದು ಎಂಬುದು ಅವರ ಅಪ್ಪನ ಕಾಲದ ಮಾತು. ಆಯುಷ್ಯವೆಲ್ಲ ಹಾಗೇ ಅಳೆದ ಕೈ. ತಲೆಯೊಳಗಿನ ರಾಶಿ ಅಳೆಯುವಾಗಲೂ ಬುಡದಲ್ಲಿ ಸರಿಯಾಗಿ ಒಂದು ಕೊಳಗ ಉಳಿದರೆ ಅದನ್ನು ಅಳೆಯದೆ ಎದ್ದುಬಿಟ್ಟಿತ್ತು. ಒಂಬತ್ತನೆಯ ಕೊಳಗವನ್ನು ಗುಡಿಸುವವಳಿಗೆ ಬಿಟ್ಟಿತ್ತು.

"ತೆಗಿ" ಅಂದರು. "ಅದನ್ನೂ ಅಳೆ."

ಅಳೆದೆ. "ಒಂಬತ್ತು."

"ಏನು ಉಳೀತು?"

ರಾಶಿಯ ಮುಂದೆ ಕೂತು ಏನೂ ಇಲ್ಲ ಅನ್ನಬಾರದು. ಮನೆಯಲ್ಲಿ ಅಕ್ಕಿ ಮುಗಿದರೂ ಹೆಚ್ಚಿತು ಅನ್ನುವ ಜನ ನಾವು. ಆ ಮಾತು ನನ್ನ ಬಾಯಿಗೆ ಬರಲೊಲ್ಲದು. ಕೊನೆಗೆ, "ಮನೆ ಎಲ್ಲ ಗುಡಿಸಿದಂಗೆ ಐತೆ ಅಯ್ಯೋರೆ" ಅಂದೆ.

ಅಷ್ಟರಲ್ಲಿ ಸಾಹುಕಾರರೂ ಸಾಬರೂ ಬಂದರು. ವಿಷಯ ಕೇಳಿ ಸಾಹುಕಾರರ ಮುಖ ಸಪ್ಪಗಾಯಿತು. ಒರಗಿಸಿಟ್ಟ ತಗಡನ್ನು ನೋಡಿದರು, ಅಯ್ಯನವರನ್ನು ನೋಡಿದರು.

"ಅಯ್ಯೋರೆ, ಇದು ಗೊತ್ತಿರೋದು ನಮ್ಮ ನಾಲ್ಕು ಜನಕ್ಕೆ. ಹೆಬ್ಬೂರಿನ ರೈತ ಚೀಲ ಹಿಡ್ಕೊಂಡು ಕೂತು ಅಳೀತಾನಾ? ಮಾತು ಚೆನ್ನಾಗೈತೆ, ಹಂಗೇ ಇರ್ಲಿ ಬಿಡಿ. ನಿಮ್ಮ ಹೆಸರಿಗೂ ಕುಂದಿಲ್ಲ."

"ಸಾವ್ಕಾರ್ರೆ, ತುಂಬದ ಕೊಳಗನ ತುಂಬಿದೆ ಅಂತ ನಾನು ಯಾವತ್ತಾದ್ರೂ ಕೂಗಿದೀನಾ?"

"ಇಲ್ಲ."

"ಹಂಗೇ ತುಂಬಿದ್ದನ್ನ ತುಂಬಿಲ್ಲ ಅಂತನೂ ಕೂಗಲ್ಲ."

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೊಳಗ ತರಲು ನನಗೆ ಹೇಳಿದರು. ಅದನ್ನು ಅಂಗಳದ ನಡುವೆ ಬೋರಲು ಹಾಕಿಸಿ, ಅದರ ಮೇಲೆ ಕೈಯಿಟ್ಟು ಮಂಡಿಯೂರಿದರು. ಹಮಾಲರು, ರೈತರು, ಲಾರಿಯವರು ಇದ್ದಲ್ಲೇ ನಿಂತರು. ತುಮಕೂರಿಗೆ ಬಂದ ಮೇಲೆ ಆ ಕೂಗನ್ನು ಯಾರೂ ಕೇಳಿರಲಿಲ್ಲ.

"ಲಾಭಾ..." ಎಂದು ಎತ್ತಿದರು. ಹನ್ನೊಂದು ಸುತ್ತನ್ನೂ ಬಿಡದೆ ಕೂಗಿದರು. ಎಷ್ಟು ಸಲ ಅಳೆದದ್ದು, ಎಷ್ಟು ಉಳಿದದ್ದು, ಒಂದೊಂದೂ. ಕೊನೆಗೆ, "ಹನ್ನೊಂದು ಲಾಭದ ರಾಶಿಗೆ ಕೊಳಗ ಐತೆ! ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು! ಒಂಟಿ ಅಂತ ಹೇಳಿದ್ದು ಗುರುಸಿದ್ದಯ್ಯ, ಅಲ್ಲ ಅಂತ ಹೇಳ್ತಿರೋದೂ ಗುರುಸಿದ್ದಯ್ಯ! ಮರು ಅಳತೆ ತಿಪ್ಪಮ್ಮಂದು!"

ಆರು ವರ್ಷ ಗೋಡೆಯ ಮೇಲಿದ್ದ ತನ್ನ ಮಾತನ್ನು ತಾನೇ ಅಳಿಸಿದ ಮನುಷ್ಯನ ದನಿ ಒಂದು ಕಡೆಯೂ ನಡುಗಲಿಲ್ಲ. ದೊಡ್ಡ ದೊಡ್ಡವರು ಸಣ್ಣ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ ಒದ್ದಾಡುವುದನ್ನು ನಾನು ಮಂಡಿಯಲ್ಲಿ ಎಷ್ಟೋ ಕಂಡಿದ್ದೇನೆ. ಅವರ ಪಕ್ಕದಲ್ಲಿ ನಿಂತಿದ್ದೆ ಅನ್ನುವುದೇ ನನಗೆ ಈಗಲೂ ಹೆಮ್ಮೆ.

ಮೊದಲು ಬಾಯಿಬಿಟ್ಟವರು ಸಾಬರು. "ಸ್ವಾಮ್ಯೋರೆ, ನಿಮ್ಮ ದಾನಬುದ್ಧಿ ಲೆಕ್ಕದೊಳಕ್ಕೂ ನುಗ್ಗಿಬಿಡ್ತಲ್ಲ! ಇಡೀ ಕೊಳಗನೇ ದಾನ ಮಾಡ್ಕೊಂಡು, ಸಿಗಲ್ಲ ಸಿಗಲ್ಲ ಅಂತ ಹುಡುಕಿದ್ರಾ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಅಯ್ಯನವರೇ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನಮ್ಮಪ್ಪಂಗೆ ದಕ್ಕದ್ದು ಇವತ್ತು ದಕ್ತು ಕಣ್ರೋ" ಅಂದರು. ಒಂಟಿ ಅಂತ ಸಾರಿದ ದಿನ ನೆಟ್ಟಗಿದ್ದ ಬೆನ್ನು ಇವತ್ತೂ ಅಷ್ಟೇ ನೆಟ್ಟಗಿತ್ತು.

ಎಷ್ಟು ಸಲ ಅಳೆಯಬೇಕು ಅನ್ನುವುದು ಒಂದೊಂದು ಸುತ್ತಿನ ನನ್ನ ಎಣಿಕೆಯಲ್ಲೇ ಇತ್ತು: ಐದು, ಒಂದು, ಮೂರು, ಎರಡು, ಮೂರು, ಒಂಬತ್ತು. ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು ಸಲ ಅಳೆದರೆ ರಾಶಿ ಮುಗಿಯುತ್ತದೆ. ಈ ಎರಡನ್ನು ಮತ್ತೆ ಯಾವುದಾದರೂ ಕೊಳಗ ಅಳೆಯಬಹುದೇ ಎಂದು ಅಯ್ಯನವರು ನನ್ನನ್ನೇ ಕೇಳಿದರು, ಪರೀಕ್ಷೆ ಮಾಡುವವರ ಹಾಗೆ. ಒಂದು ಗಳಿಗೆ ಯೋಚನೆ ಮಾಡಿದೆ. ಪಾಲಿಗೆ ಕೂಡುವ ಕೊಳಗ ಇಡೀ ರಾಶಿಗೂ ಕೂಡಲೇಬೇಕು. ಚಿಕ್ಕ ಕೊಳಗಗಳನ್ನೆಲ್ಲ ಇಬ್ಬರೂ ಸೇರಿ ಯುಗಾದಿಯಿಂದ ಹಾಕಿ ನೋಡಿದ್ದೆವು, ಒಂದೂ ಕೂಡಿರಲಿಲ್ಲ. "ಆಗಲ್ಲ ಅಯ್ಯೋರೆ. ಎರಡೂ ಒಂಟಿ" ಅಂದೆ. "ಭೇಷ್" ಅಂದರು. ನನ್ನ ಜೀವನದಲ್ಲಿ ಆ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ.

ಸಾಹುಕಾರರು ಎರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ತಾವೇ ದಾರಿಗೆ ಬಂದರು. ಸಾಬರು ಹೊಸ ತಗಡು ಕೊರೆದರು. ಮೇಲೆ ಹನ್ನೊಂದು ಒಂದು, ಕೆಳಗೆ 'ಕೊಳಗ ೨೧೬೪೯'. ದೀಪಾವಳಿಯಿಂದ ಚೀಲಗಳೆಲ್ಲ ಅದನ್ನು ಹೊತ್ತುಕೊಂಡು ಹೋದವು. ಹೆಬ್ಬೂರಿನ ಅಂಗಡಿಯವನೊಬ್ಬ ಮಂಡಿಗೇ ಬಂದು, "ಏನ್ ಸಾವ್ಕಾರ್ರೆ, ನಿಮ್ಮ ಚೀಲದ ಮೇಲಿರೋ ನಂಬರಿಗೆ ಫೋನ್ ಮಾಡಿದ್ರೆ ಹೋಗೋದೇ ಇಲ್ವಲ್ಲ" ಎಂದು ಜಗಳ ತೆಗೆದ. ಅಯ್ಯನವರು ಬಾಗಿಲಿಂದಲೇ, "ಅದು ನಮ್ಮಪ್ಪನ ನಂಬರಪ್ಪ, ಅಷ್ಟು ಸುಲಭಕ್ಕೆ ಸಿಗಲ್ಲ" ಅಂದರು.

ಅದಾದ ಮೇಲೆ ಅಯ್ಯನವರಿಗೆ ಓಡಾಡುವುದು ಕಷ್ಟವಾಗಿ ಮಗಳು ದಾಕ್ಷಾಯಣಿ ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಕಂಬಕ್ಕೆ ಒರಗಿ ಕೂರುವುದು ಅಲ್ಲೂ ತಪ್ಪಲಿಲ್ಲ. ಹನ್ನೆರಡು ಲಾಭದ ರಾಶಿಗೆ ಹನ್ನೊಂದೂ ಕೂಡುತ್ತದೆ, ಮೂವತ್ತೇಳೂ ಕೂಡುತ್ತದೆ; ಕೊಳಗಕ್ಕೆ ಬರವಿಲ್ಲ, ಅದನ್ನು ಮುಟ್ಟಲಿಲ್ಲ. ಹದಿಮೂರು ಲಾಭದ್ದು ಇಪ್ಪತ್ತಾರರ ಎರಡನೇ ಮೆಟ್ಟಿಲಿಗೇ ಸಿಕ್ಕಿಬಿಟ್ಟಿತು: ಐವತ್ತಮೂರು. ಅದನ್ನು ತಿಳಿಸಲು ದಾಕ್ಷಾಯಣಿಯ ಕೈಲಿ ಒಂದು ಕಾರ್ಡು ಬರೆಸಿದ್ದರು. 'ಒಂಬತ್ತನೇ ಕೊಳಗ ಬಿಟ್ಟಿಲ್ಲ, ನೀನೂ ಅಳೆದು ನೋಡು' ಅಂತ ಇತ್ತು. ಅಳೆದು ನೋಡಿದೆ. ಸರಿಯಿತ್ತು.

ಎಂಬತ್ತನಾಲ್ಕನೇ ಇಸವಿಯ ಕಾರ್ತೀಕದಲ್ಲಿ ಬಸ್ಸು ಹಿಡಿದು ಅವರನ್ನು ನೋಡಲು ಹೋದೆ. ಪಡಸಾಲೆಯ ಮಂಚದಲ್ಲಿ ಮಲಗಿದ್ದರು. ಕೈ ಕಾಲು ಸಣ್ಣಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. ದಾಕ್ಷಾಯಣಿ ನನಗೆ ಕಾಫಿ ಕೊಟ್ಟು, "ನೋಡಕ್ಕ, ಔಷಧಿ ಕುಡೀರಿ ಅಂದ್ರೆ ತಡಿ ಈ ಸುತ್ತು ಮುಗೀಲಿ ಅಂತಾರೆ" ಎಂದು ದೂರು ಹೇಳಿ ಒಳಗೆ ಹೋದಳು.

"ತಿಪ್ಪವ್ವ ಬಂದ್ಯಾ? ಬೀಜ ತಂದಿದೀಯಾ?"

ತಂದಿದ್ದೆ. ಸೆರಗಿನ ಗಂಟಿನಲ್ಲಿತ್ತು. ಅವರ ಕೈಗೆ ಕೊಟ್ಟೆ. ಹಿಡಿಯೊಳಗೆ ಹೊರಳಿಸಿ ನೋಡಿ ನಕ್ಕರು.

"ನಡುವಿನವು ಸುಲಭದವು, ಬಿಟ್ಟು ಹದಿನೇಳು ಲಾಭದ್ದು ಹಿಡಿದಿದೀನಿ ಕಣವ್ವ. ಮೂವತ್ತನಾಲ್ಕರ ಮೆಟ್ಲು. ಕಲ್ಲು ಕಲ್ಲಂಗೈತೆ ರಾಶಿ. ಮೂರು ಸಾವಿರ ದಾಟ್ದೆ, ಒಂದೂ ಕೂಡ್ಲಿಲ್ಲ."

"ಕೂಡ್ತದೆ ಬುಡಿ ಅಯ್ಯೋರೆ. ನಿಧಾನಕ್ಕೆ ಮಾಡಿ."

"ನನ್ನ ಕೈಲಿ ಮುಗಿಯಂಗಿಲ್ಲ. ನಂಗೆ ಗೊತ್ತು." ಅದನ್ನು ಅವರು ಬೇಸರದಲ್ಲಿ ಹೇಳಲಿಲ್ಲ, ಸಂಜೆ ಅಂಗಳದಲ್ಲಿ ಕೊಳಗ ಕೆಳಗಿಟ್ಟು ಏಳುವವರ ಹಾಗೆ ಹೇಳಿದರು. "ನಮ್ಮಪ್ಪ ನಂಗೆ ಬಿಟ್ಟೋಗಿದ್ದು ಹನ್ನೊಂದು. ಅಳೆದೋನು ಎದ್ದ ಮೇಲೆ ಉಳಿದಿದ್ದು ಯಾರದವ್ವ?"

"ಗುಡಿಸೋಳ್ದು."

"ಕೊಳಗ ಮೀರದಿದ್ರೆ."

"ಹೌದು. ಮೀರದಿದ್ರೆ."

ಬೀಜಗಳನ್ನು ನನ್ನ ಅಂಗೈಗೆ ಸುರಿದು, ಬೆರಳುಗಳನ್ನು ಒಂದೊಂದಾಗಿ ಅವರೇ ಮಡಿಸಿದರು.

"ಇದು ಬೋ ಮೀರೈತೆ ತಿಪ್ಪವ್ವ. ಆದ್ರೂ ನಿಂಗೇ ಬಿಡ್ತಾ ಇದೀನಿ. ಹೊರ್ತೀಯೇನವ್ವಾ?"